ನೂಕಬಲ್ಲ ತಂತಿ

ಕಾರು ನಡೆಸುವವನು ಪೇಟೆಯ ಬೀದಿಗಳಲ್ಲಿ ಒಂದು ಸುತ್ತು ಹೋಗಿಬರುವಷ್ಟರಲ್ಲಿ ಎಷ್ಟೋ ಬಾರಿ ಗೇರು ಸನ್ನೆಯ ಮೇಲೆ ಕೈಯಿಡುತ್ತಾನೆ. ಆದರೆ ಆ ಸನ್ನೆಯ ಬುಡದಲ್ಲಿ ಏನಿದೆ ಎಂದು ಯೋಚಿಸುವವರು ವಿರಳ. ಎಂಜಿನು ಮುಂದೆ, ಅದರ ಬೆನ್ನಿಗೆ ಗೇರು ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಯ ಮೇಲೆ ಸನ್ನೆ ಎಂಬ ಕ್ರಮ ಇರುವಷ್ಟು ದಿನ ಯೋಚಿಸಬೇಕಾದ ಅಗತ್ಯವೂ ಇಲ್ಲ. ಕೈಯ ಚಲನೆ ನೇರವಾಗಿ ಪೆಟ್ಟಿಗೆಯೊಳಕ್ಕೆ ಇಳಿಯುತ್ತದೆ. ತೊಡಕು ಹುಟ್ಟುವುದು ಎಂಜಿನನ್ನು ಚಾಲಕನ ಬೆನ್ನ ಹಿಂದೆ ಕೂಡಿಸಿದಾಗ. ಆಗ ಕೈ ಮುಂದೆ, ಕೆಲಸ ಹಿಂದೆ. ನಡುವೆ ಎಂಜಿನಿನ ಗುಡ್ಡವೇ ಅಡ್ಡ.

ಈ ತೊಡಕಿಗೆ ಹೆಸರಾದ ಕಾರು ಇಂಗ್ಲೆಂಡಿನ ಲೋಟಸ್ ಯೂರೋಪಾ. ಕಾಲಿನ್ ಚಾಪ್‌ಮನ್ ಅವರು ಕಟ್ಟಿದ ಲೋಟಸ್ ಕಂಪನಿಯು 1966ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು; 1975ರವರೆಗೆ ಸುಮಾರು ಒಂಬತ್ತು ಸಾವಿರ ಕಾರುಗಳು ತಯಾರಾದುವು. ಇದರ ಎತ್ತರ 110 ಸೆಂಟಿಮೀಟರನ್ನು ಮುಟ್ಟದು. ಮೊದಲ ಮಾದರಿಯ ತೂಕ ಸುಮಾರು 610 ಕಿಲೋಗ್ರಾಂ, ಎಂದರೆ ನಮ್ಮ ಅಂಬಾಸಡರ್ ಕಾರಿನ ಹೆಚ್ಚುಕಡಿಮೆ ಅರ್ಧ. ಬೆನ್ನುಮೂಳೆಯಂತಹ ಒಂದೇ ಉಕ್ಕಿನ ಚಾಸಿ, ಅದರ ಮೇಲೆ ಫೈಬರ್ ಗ್ಲಾಸಿನ ಮೈ. ಎಂಜಿನು ಮತ್ತು ಗೇರು ಪೆಟ್ಟಿಗೆ ಮಾತ್ರ ಲೋಟಸಿನವಲ್ಲ. ಅವು ಫ್ರಾನ್ಸಿನ ರೆನೋ 16 ಎಂಬ ಮನೆಮಂದಿಯ ಕಾರಿನಿಂದ ಬಂದವು. ಮೊದಲ ಮಾದರಿಯ ಎಂಜಿನಿನ ಅಳತೆ 1470 ಸಿ.ಸಿ.

ರೆನೋ 16ರಲ್ಲಿ ಎಂಜಿನು ಮುಂದಿದ್ದು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಗೇರು ಪೆಟ್ಟಿಗೆ ಎಂಜಿನಿಗೂ ಮುಂದೆ, ಕಾರಿನ ಮೂಗಿನ ಕಡೆಗೆ ಇತ್ತು. ಲೋಟಸಿನವರು ಈ ಇಡೀ ಜೋಡಿಯನ್ನು ಎತ್ತಿ, ಹಿಂದುಮುಂದಾಗಿ ತಿರುಗಿಸಿ, ಕಾರಿನ ಹಿಂಭಾಗದಲ್ಲಿ ಇಳಿಸಿದರು. ಹಾಗೆಯೆ ಬಿಟ್ಟಿದ್ದರೆ ಕಾರಿಗೆ ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ನಾಲ್ಕು ಗೇರು ದೊರೆಯುತ್ತಿದ್ದುವು! ಪೆಟ್ಟಿಗೆಯೊಳಗಿನ ದೊಡ್ಡ ಹಲ್ಲುಚಕ್ರವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿ ಆ ವಿಪರೀತವನ್ನು ಸರಿಪಡಿಸಿದರು. ಆದರೆ ಗೇರು ಹಾಕುವ ಕಡ್ಡಿ ಈಗ ಕಾರಿನ ಬಾಲದ ತುದಿಗೆ ಹೋಗಿತ್ತು. ಚಾಲಕನ ಪಕ್ಕದ ಸನ್ನೆಯಿಂದ ಹೊರಟ ಸರಳು ಚಾಸಿಯೊಳಗೆ ನುಸುಳಿ, ಎಂಜಿನನ್ನು ಬಳಸಿ, ಗೇರು ಪೆಟ್ಟಿಗೆಯನ್ನೂ ದಾಟಿ, ಹಿಂದಿನಿಂದ ಬಂದು ಅದನ್ನು ಮುಟ್ಟಬೇಕಾಯಿತು. ದಾರಿಯಲ್ಲಿ ಹಲವು ಕೀಲುಗಳು. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಹುಟ್ಟಿದರೂ ಎಲ್ಲವೂ ಕೂಡಿ ಸನ್ನೆಯ ತುದಿಯಲ್ಲಿ ಅಂಗೈಯಗಲವಾಗುತ್ತದೆ. ಐವತ್ತು ವರ್ಷ ಓಡಿದ ಕಾರಿನಲ್ಲಂತೂ ಸನ್ನೆಯು ಗಂಜಿಯಲ್ಲಿ ಸೌಟು ಆಡಿಸಿದಂತೆ ಆಡುತ್ತದೆ.

ಇದು ಬರಿಯ ಕಿರಿಕಿರಿಯ ಮಾತಲ್ಲ. ಮೂರನೆಯ ಗೇರಿನಲ್ಲಿ ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನೋಣ. ಚಾಲಕನು ನಾಲ್ಕನೆಯದಕ್ಕೆ ಎಳೆಯುತ್ತಾನೆ. ಸನ್ನೆ ದಾರಿತಪ್ಪಿ ಎರಡನೆಯದಕ್ಕೆ ಬೀಳುತ್ತದೆ. ಎರಡನೆಯ ಗೇರಿನ ಪ್ರಮಾಣ ಮೂರನೆಯದರ ಒಂದೂವರೆ ಪಟ್ಟಿದ್ದರೆ, ಕ್ಲಚ್ಚನ್ನು ಬಿಟ್ಟ ಕ್ಷಣದಲ್ಲಿ ಚಕ್ರಗಳೇ ಎಂಜಿನನ್ನು 9000 ಸುತ್ತಿಗೆ ದೂಡುತ್ತವೆ. ಕವಾಟಗಳು ಪಿಸ್ಟನ್ನಿಗೆ ಬಡಿದು, ವರ್ಷಗಟ್ಟಲೆ ಕೂಡಿಸಿದ ಹಣದಿಂದ ಕಟ್ಟಿದ ಎಂಜಿನು ಒಂದು ಉಸಿರಿನಲ್ಲಿ ಹಾಳಾಗಬಹುದು. ಅದೇ ಕ್ಷಣ ಹಿಂದಿನ ಚಕ್ರಗಳು ಬಿಗಿಹಿಡಿದು ಜಾರಿದರೆ ಚಾಲಕನ ಪ್ರಾಣಕ್ಕೂ ಅಪಾಯ. ಯೂರೋಪಾ ಕಾರಿಗೆ ಹೆಚ್ಚು ಬಲದ ಹೊಸ ಎಂಜಿನು, ಬೇರೆ ಗೇರು ಪೆಟ್ಟಿಗೆ ಕೂಡಿಸುವ ಹವ್ಯಾಸಿಗಳು ಅನೇಕರಿದ್ದಾರೆ. ಪೆಟ್ಟಿಗೆ ಬದಲಾದೊಡನೆ ಹಳೆಯ ಸರಳುಗಳು ಎಲ್ಲಿಗೂ ಕೂಡುವುದಿಲ್ಲ. ಅಂಗಡಿಯಲ್ಲಿ ಸಿಗದ ಜೋಡಣೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕಾಗುತ್ತದೆ. ಅವರಲ್ಲಿ ಹಲವರು ಸರಳನ್ನು ಬಿಟ್ಟು ತಂತಿಯನ್ನು ಹಿಡಿಯುತ್ತಾರೆ.

ತಂತಿಯಿಂದ ಗೇರು ಬದಲಾಯಿಸುವುದು ನಮ್ಮವರಿಗೆ ಹೊಸತಲ್ಲ. ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಹಳೆಯ ಬಜಾಜ್ ಚೇತಕ್ ಅಥವಾ ಲ್ಯಾಂಬ್ರೆಟಾ ಸ್ಕೂಟರನ್ನು ನೆನೆದರೆ ಸಾಕು. ಎಡಗೈಯ ಹಿಡಿಯನ್ನು ತಿರುಗಿಸಿದರೆ ಕೆಳಗೆ ಗೇರು ಬದಲಾಗುತ್ತಿತ್ತು. ಅದಕ್ಕೆ ಎರಡು ತಂತಿಗಳು ಬೇಕಾಗುತ್ತಿದ್ದುವು: ಒಂದು ಮೇಲಿನ ಗೇರಿಗೆ ಎಳೆಯಲು, ಇನ್ನೊಂದು ಕೆಳಗಿನ ಗೇರಿಗೆ ಎಳೆಯಲು. ಏಕೆಂದರೆ ಸಾಮಾನ್ಯ ತಂತಿ ಎಳೆಯಬಲ್ಲುದೇ ಹೊರತು ನೂಕಲಾರದು. ಸೈಕಲ್ಲಿನ ಬ್ರೇಕಿನಲ್ಲಿಯೂ ಇರುವ ಈ ತಂತಿಗೆ 1896ರಲ್ಲಿ ಬ್ರಿಟಿಷ್ ಪೇಟೆಂಟು ಪಡೆದವರು ಅರ್ನೆಸ್ಟ್ ಮನಿಂಗ್ಟನ್ ಬೌಡೆನ್. ರಾಲೀ ಸೈಕಲ್ ಕಂಪನಿಯ ಫ್ರ್ಯಾಂಕ್ ಬೌಡೆನ್ ಬೇರೆ. ಹೆಸರಿನ ಹೋಲಿಕೆಯಿಂದ ಹಲವರು ಇಬ್ಬರನ್ನೂ ಒಬ್ಬರೆಂದು ಭಾವಿಸುತ್ತಾರೆ. ಈ ಯುಕ್ತಿಯ ಮರ್ಮ ತಂತಿಯಲ್ಲಿಲ್ಲ, ಅದರ ಹೊದಿಕೆಯಲ್ಲಿದೆ. ಒಳಗಿನ ತಂತಿಯನ್ನು ಎಷ್ಟು ಬಲದಿಂದ ಎಳೆಯುತ್ತೇವೆಯೋ ಅಷ್ಟೇ ಬಲದಿಂದ ಹೊರಗಿನ ಕೊಳವೆ ಒತ್ತಡವನ್ನು ತಡೆದುಕೊಳ್ಳುತ್ತದೆ. ಕೊಳವೆಯ ಎರಡು ತುದಿಗಳನ್ನು ಬಿಗಿಯಾಗಿ ಕಟ್ಟದಿದ್ದರೆ ತಂತಿ ಕೆಲಸವನ್ನೇ ಮಾಡದು.

ಕಾರಿಗೆ ಬೇಕಾದುದು ಇದರ ಬಲಿಷ್ಠ ತಮ್ಮ. ದಪ್ಪನೆಯ ಉಕ್ಕಿನ ಒಳತಂತಿ, ಅದರ ಸುತ್ತ ನುಣುಪಾದ ಪ್ಲಾಸ್ಟಿಕ್ಕಿನ ಒಳಪದರ, ಅದರ ಮೇಲೆ ಉಕ್ಕಿನ ತಂತಿಗಳನ್ನು ಒತ್ತಾಗಿ ಸುತ್ತಿದ ಕವಚ. ಒಳತಂತಿಗೆ ಬಳುಕಲು ಎಡೆಯಿಲ್ಲದ್ದರಿಂದ ಅದು ಎಳೆಯುತ್ತದೆ, ನೂಕುತ್ತದೆ ಕೂಡ. ಇಂದಿನ ಮುಂಚಕ್ರ ಚಾಲನೆಯ ಎಷ್ಟೋ ಕಾರುಗಳಲ್ಲಿ ಇಂತಹ ಎರಡು ತಂತಿಗಳೇ ಗೇರು ಬದಲಾಯಿಸುತ್ತವೆ; ಮೋಟಾರು ದೋಣಿಗಳಲ್ಲಿಯೂ ಇವು ಬಳಕೆಯಲ್ಲಿವೆ. ಹವ್ಯಾಸಿಗಳು ಗುಜರಿಯಿಂದಲೋ ದೋಣಿ ಸಾಮಾನಿನ ಅಂಗಡಿಯಿಂದಲೋ ಇವನ್ನು ತರುತ್ತಾರೆ.

ಸರಳಿಗಿಂತ ತಂತಿ ಮೇಲೆನ್ನುವುದಕ್ಕೆ ಮುಖ್ಯ ಕಾರಣ ಒಂದುಂಟು. ಎಂಜಿನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ಬಲ ಹಾಕಿದಾಗ ಅದು ತೂಗುತ್ತದೆ. ಸರಳಿನ ಒಂದು ತುದಿ ಅಲುಗದ ಚಾಸಿಗೆ, ಇನ್ನೊಂದು ತುದಿ ತೂಗುವ ಪೆಟ್ಟಿಗೆಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ, ಎಂಜಿನು ಒಂದು ಕಡೆ ವಾಲಿದಾಗ ಸರಳು ಗೇರನ್ನು ಕಳಚಿಯೇ ಬಿಡಬಹುದು. ತಂತಿಯಲ್ಲಿ ಹಾಗಿಲ್ಲ. ಕವಚದ ಹಿಂದಿನ ತುದಿಯನ್ನು ಗೇರು ಪೆಟ್ಟಿಗೆಗೇ ಬಿಗಿದರೆ ಕವಚವೂ ತಂತಿಯೂ ಪೆಟ್ಟಿಗೆಯೊಡನೆ ಕೂಡಿಯೇ ತೂಗುತ್ತವೆ. ನಡುವಿನ ಬಾಗು ಆ ಓಲಾಟವನ್ನು ನುಂಗುತ್ತದೆ. ಹಿಂದಿನ ಬ್ರಾಕೆಟ್ಟನ್ನು ಪೆಟ್ಟಿಗೆಯ ಬದಲು ಚಾಸಿಗೆ ಬಿಗಿದವನು ತಂತಿಯ ಗುಣವನ್ನು ತಾನೇ ಕಳೆದುಕೊಂಡಂತಾಯಿತು.

ಇನ್ನು ಸನ್ನೆಯ ರಚನೆ. ಗೇರು ಸನ್ನೆಗೆ ಎರಡು ಚಲನೆಗಳು. ಎಡಬಲಕ್ಕೆ ಆಡಿಸಿದಾಗ ಯಾವ ಜೋಡಿ ಗೇರೆಂಬುದು ನಿರ್ಧಾರವಾಗುತ್ತದೆ; ಹಿಂದುಮುಂದಕ್ಕೆ ಆಡಿಸಿದಾಗ ಆ ಜೋಡಿಯಲ್ಲಿ ಒಂದು ಹಲ್ಲುಗೂಡುತ್ತದೆ. ಮೊದಲಿನದಕ್ಕೊಂದು ತಂತಿ, ಎರಡನೆಯದಕ್ಕೊಂದು ತಂತಿ. ಹಿಂದುಮುಂದಿನ ತಂತಿಯನ್ನು ಸನ್ನೆಯ ಕೆಳತೋಳಿಗೆ ನೇರವಾಗಿ ಕೂಡಿಸಬಹುದು. ಎಡಬಲದ ಚಲನೆಯನ್ನು ಹಿಂದುಮುಂದಿನ ಎಳೆತವಾಗಿ ತಿರುಗಿಸಲು ಮಾತ್ರ ಮಡಿಸಿದ ಮೊಣಕೈಯಂತಹ ಒಂದು ತುಂಡು ಬೇಕು: ಮೂಲೆಯಲ್ಲಿ ಕೀಲು, ಒಂದು ತೋಳು ಸನ್ನೆಗೆ, ಇನ್ನೊಂದು ತೋಳು ತಂತಿಗೆ.

ಮನೆಯ ಕೆಲಸಗಾರರಲ್ಲಿ ಹೆಚ್ಚು ಮಂದಿ ಸೋಲುವುದು ಇಲ್ಲಿಯೇ. ಸನ್ನೆಯನ್ನು ಹಿಂದುಮುಂದಕ್ಕೆ ಆಡಿಸಿದಾಗ ಎಡಬಲದ ತಂತಿಯೂ ತುಸು ಎಳೆದುಕೊಂಡರೆ, ಗೇರು ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಪರಿಹಾರ ಸರಳವಾದುದು: ಸನ್ನೆಯು ಹಿಂದುಮುಂದಕ್ಕೆ ತಿರುಗುವ ಅಚ್ಚಿನ ನೇರದಲ್ಲಿಯೇ ಎಡಬಲದ ಕೊಂಡಿಯನ್ನು ಸಿಕ್ಕಿಸಬೇಕು. ರಾಟೆಯ ಚಕ್ರ ಎಷ್ಟು ತಿರುಗಿದರೂ ಅಚ್ಚಿನ ನಡುಬಿಂದು ಇದ್ದಲ್ಲಿಯೇ ಇರುವಂತೆ, ಆ ಕೊಂಡಿಯೂ ಇದ್ದಲ್ಲಿಯೇ ಇರುತ್ತದೆ. ಉಕ್ಕನ್ನು ಕತ್ತರಿಸುವ ಮೊದಲು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಗುಂಡುಸೂಜಿಯನ್ನು ಕೀಲಾಗಿ ಚುಚ್ಚಿ ಆಡಿಸಿ ನೋಡಿದರೆ ಈ ಲೋಪ ಕಣ್ಣಿಗೇ ಕಾಣುತ್ತದೆ. ರಟ್ಟಿಗೆ ಕಾಸಿನ ಬೆಲೆಯಿಲ್ಲ. ಬೆಸುಗೆ ಹಾಕಿದ ಉಕ್ಕನ್ನು ಬಿಡಿಸುವುದು ಕಷ್ಟ.

ಅಳತೆಯ ಲೆಕ್ಕವೂ ಕಠಿಣವಲ್ಲ. ಕೀಲಿನಿಂದ ಸನ್ನೆಯ ಗುಂಡಿಗೆ 250 ಮಿಲಿಮೀಟರ್, ಕೀಲಿನಿಂದ ತಂತಿಗೆ 50 ಮಿಲಿಮೀಟರ್ ಇದ್ದರೆ ಪ್ರಮಾಣ ಐದಕ್ಕೆ ಒಂದು. ಪೆಟ್ಟಿಗೆಗೆ 12 ಮಿಲಿಮೀಟರ್ ಚಲನೆ ಬೇಕಾದರೆ ಕೈ 60 ಮಿಲಿಮೀಟರ್ ಸರಿಯಬೇಕು. ಕೆಳತೋಳನ್ನು ಉದ್ದಮಾಡಿದರೆ ಕೈಯ ಓಟ ಕಿರಿದಾಗುತ್ತದೆ, ಆದರೆ ಶ್ರಮ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅದೇ ಐದಕ್ಕೆ ಒಂದರ ಲೆಕ್ಕದಿಂದ, ತಂತಿಯಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದರೆ ಗುಂಡಿಯಲ್ಲಿ ಐದು ಮಿಲಿಮೀಟರ್ ಆಡುತ್ತದೆ. ಕೈ ಐದು ಕಿಲೋಗ್ರಾಮಿನಷ್ಟು ನೂಕಿದರೆ ಕವಚ ಹಿಡಿದ ಬ್ರಾಕೆಟ್ಟಿನ ಮೇಲೆ ಇಪ್ಪತ್ತೈದು ಕಿಲೋಗ್ರಾಮಿನ ಬಲ ಬೀಳುತ್ತದೆ. ತೆಳು ತಗಡಿನ ಬ್ರಾಕೆಟ್ಟು ಬಾಗಿದರೆ ಆ ಬಾಗೆಲ್ಲವೂ ಕಳೆದುಹೋದ ಚಲನೆಯೇ. ಸನ್ನೆ ಮೃದುವೆಂದು ಪೆಟ್ಟಿಗೆಯನ್ನು ದೂರುವವರು ಮೊದಲು ಬ್ರಾಕೆಟ್ಟನ್ನು ನೋಡಬೇಕು.

ತಂತಿಯ ದಾರಿಯನ್ನು ಹಿಡಿಯುವುದರಲ್ಲಿ ಇನ್ನಷ್ಟು ಎಚ್ಚರ ಬೇಕು. ತಂತಿಗೂ ಕೊಳವೆಗೂ ನಡುವಿನ ಉಜ್ಜುವಿಕೆ ಒಟ್ಟು ಬಾಗಿದ ಕೋನಕ್ಕೆ ತಕ್ಕಂತೆ ಬೆಳೆಯುತ್ತದೆ. ಉಜ್ಜುವಿಕೆಯ ಗುಣಾಂಕ 0.1 ಎಂದಿಟ್ಟುಕೊಂಡರೆ, ಕೈಯಿಂದ ಹೊರಟ 100 ಪಾಲು ಬಲದಲ್ಲಿ 90 ಡಿಗ್ರಿ ಬಾಗಿದ ಬಳಿಕ ಸುಮಾರು 85 ಪಾಲು ಉಳಿಯುತ್ತದೆ. 180 ಡಿಗ್ರಿಗೆ 73. ಒಂದು ಪೂರ್ಣ ಸುತ್ತು ಹೊಡೆದರೆ 53. ಆದ್ದರಿಂದ ಸುತ್ತು ಕಡಮೆಯಾದಷ್ಟೂ ಒಳ್ಳೆಯದು. ಬಾಗು ವಿಶಾಲವಾಗಿರಬೇಕು, ಮುರುಕಿದಂತೆ ಬಾಗಿಸಿದರೆ ಒಳಪದರವೇ ಸವೆದುಹೋಗುತ್ತದೆ. ಹೊಗೆಕೊಳವೆಯ ಪಕ್ಕದಲ್ಲಿ ಹಾದರೆ ಬಿಸಿಗೆ ಪ್ಲಾಸ್ಟಿಕ್ಕು ಕರಗಿ ತಂತಿಯನ್ನು ಹಿಡಿದುಬಿಡುತ್ತದೆ. ದೂರ ಒಯ್ಯಲು ಆಗದಿದ್ದಲ್ಲಿ ನಡುವೆ ತಗಡಿನ ಮರೆ ಅವಶ್ಯ. ಉದ್ದವನ್ನು ಅಳೆಯಲು ಒಂದು ರಬ್ಬರು ಕೊಳವೆಯನ್ನು ಅದೇ ದಾರಿಯಲ್ಲಿ ಮಲಗಿಸಿ ನೋಡುವುದು ಉತ್ತಮ. ಬಿಗಿದು ಕಟ್ಟಿದ ನೂಲಿನಿಂದ ಅಳೆದರೆ ತಂತಿ ಗಿಡ್ಡವಾಗುತ್ತದೆ.

ಎಲ್ಲ ಮುಗಿದ ಮೇಲೆ ಮೊದಲ ಗೇರು ಇರಬೇಕಾದಲ್ಲಿ ಎರಡನೆಯದು ಬಂದರೆ ಗಾಬರಿಯಾಗಬೇಕಾಗಿಲ್ಲ. ಕೀಲಿನ ಕೆಳಗೆ ಸಿಕ್ಕಿಸಿದ ತಂತಿಯನ್ನು ಕೀಲಿನ ಮೇಲೆ ಸಿಕ್ಕಿಸಿದರೆ ದಿಕ್ಕು ತಿರುಗುತ್ತದೆ. ಹೊಂದಿಸುವ ಕ್ರಮ ಹೀಗೆ: ಪೆಟ್ಟಿಗೆಯನ್ನು ನ್ಯೂಟ್ರಲಿನಲ್ಲಿಟ್ಟು, ಸನ್ನೆಯನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ತಂತಿಯ ತುದಿಯ ಮರೆಯನ್ನು ತಿರುಗಿಸಿ ಕೂಡಿಸಬೇಕು. ಗೇರು ಪೂರ್ತಿ ಬಿದ್ದ ಮೇಲೆಯೂ ಸನ್ನೆಗೆ ಇನ್ನು ತುಸು ಎಡೆ ಉಳಿದಿರಬೇಕು. ಉಳಿಯದಿದ್ದರೆ ಗೇರು ಅರ್ಧ ಮಾತ್ರ ಬಿದ್ದಿದೆ ಎಂದರ್ಥ. ಅದು ಓಟದಲ್ಲಿ ಹಾರಿಬೀಳುತ್ತದೆ. ತಂತಿಯು ಸದಾ ಬಿಗಿದಿದ್ದರೆ ಪೆಟ್ಟಿಗೆಯೊಳಗಿನ ಕವಲುಕಡ್ಡಿ ಬಿಡುವಿಲ್ಲದೆ ಉಜ್ಜಿ ಸವೆಯುತ್ತದೆ. ಗುಂಡು ಕೀಲುಗಳ ಹೊರಮಗ್ಗುಲಿಗೆ ಅಗಲವಾದ ವಾಷರು ಹಾಕುವುದನ್ನು ಮರೆಯಬಾರದು; ಗುಂಡು ಸವೆದು ಜಾರಿದರೂ ಕೊಂಡಿ ಕಳಚಿ ಬೀಳುವುದಿಲ್ಲ. ಹಿಂದಕ್ಕೆ ಹೋಗುವ ಗೇರಿಗೆ ತಡೆಯೊಂದು ಇರಲೇಬೇಕು: ಗಟ್ಟಿ ಸ್ಪ್ರಿಂಗಾಗಲಿ, ಎತ್ತಿ ಹಾಕುವ ಉಂಗುರವಾಗಲಿ. ಕಾರನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಚಕ್ರಗಳು ನೆಲ ಬಿಟ್ಟಿರುವಾಗ ಎಲ್ಲ ಗೇರುಗಳನ್ನೂ ಹಾಕಿ ತೆಗೆದು ನೋಡಿ, ಆಮೇಲೆಯೇ ರಸ್ತೆಗೆ ಇಳಿಸುವುದು ವಿವೇಕ.

ಯೂರೋಪಾ ಕಾರಿನ ಮೂಲ ವಿನ್ಯಾಸ ಮಾಡಿದವರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ರಾನ್ ಹಿಕ್‌ಮನ್. ಇವರು ಮನೆಯಲ್ಲಿ ಬಟ್ಟೆಯ ಬೀರು ಮಾಡುತ್ತಿದ್ದಾಗ ಬೆಲೆಬಾಳುವ ಕುರ್ಚಿಯೊಂದನ್ನೇ ಮೇಜು ಮಾಡಿಕೊಂಡು, ಹಲಗೆಯ ಜತೆಗೆ ಕುರ್ಚಿಯನ್ನೂ ಗರಗಸದಿಂದ ಕೊಯ್ದರು. ಆ ನಷ್ಟದಿಂದ ಹುಟ್ಟಿದುದು ಮಡಿಸಿಡಬಹುದಾದ ಒಂದು ಕೆಲಸದ ಮೇಜು. ಮೊದಲು ಅದನ್ನು ಬೇಡವೆಂದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿಯೇ 1970ರ ದಶಕದ ಆರಂಭದಲ್ಲಿ ‘ವರ್ಕ್‌ಮೇಟ್’ ಎಂಬ ಹೆಸರಿನಿಂದ ತಯಾರಿಸತೊಡಗಿತು. ಅದು ಕೋಟಿಗಟ್ಟಲೆ ಮಾರಾಟವಾಯಿತು. ಹಿಕ್‌ಮನ್ 2011ರಲ್ಲಿ ತೀರಿಕೊಂಡರು. ಯೂರೋಪಾ ಕಾರಿನ ಸನ್ನೆಗಾಗಿ ಉಕ್ಕನ್ನು ಅರದಿಂದ ಉಜ್ಜುವ ಹವ್ಯಾಸಿಯು ಆ ತುಂಡನ್ನು ವರ್ಕ್‌ಮೇಟ್ ಮೇಜಿಗೆ ಬಿಗಿದಿದ್ದರೆ, ಕಾರೂ ಮೇಜೂ ಒಂದೇ ತಲೆಯಿಂದ ಬಂದುವೆಂಬುದು ಅವನಿಗೆ ಹೊಳೆಯದೆಯೂ ಇರಬಹುದು.

ಹಳೆಯ ಕಾರಿನ ಮೂಲರೂಪವನ್ನು ಕೆಡಿಸಬಾರದು ಎನ್ನುವವರ ಮಾತಿನಲ್ಲಿಯೂ ಸತ್ಯವುಂಟು. ಕಂಪನಿಯಿಂದ ಹೊರಟಂತೆಯೇ ಉಳಿದಿರುವ ಯೂರೋಪಾ ಕಾರುಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಬಲ್ಲ ಕೆಲಸಗಾರರು ಇದಕ್ಕೊಂದು ನಡುದಾರಿ ಕಂಡುಕೊಂಡಿದ್ದಾರೆ. ಚಾಸಿಯಲ್ಲಿ ಹೊಸ ರಂಧ್ರ ಕೊರೆಯದೆ, ಮೊದಲೇ ಇರುವ ಬೋಲ್ಟುಗಳಿಗೇ ತಮ್ಮ ಬ್ರಾಕೆಟ್ಟುಗಳನ್ನು ಕೂಡಿಸುತ್ತಾರೆ. ಬಿಚ್ಚಿದ ಹಳೆಯ ಸರಳುಗಳಿಗೆ ಎಣ್ಣೆ ಸವರಿ, ಒಂದೊಂದಕ್ಕೂ ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಏರಿಸುತ್ತಾರೆ. ಮುಂದೊಂದು ದಿನ ಆ ಕಾರು ಮಗನಿಗೋ ಮೊಮ್ಮಗಳಿಗೋ ಸೇರಿದಾಗ, ಹಳೆಯದನ್ನು ಮತ್ತೆ ಕೂಡಿಸಬೇಕೋ ಹೊಸದನ್ನು ಉಳಿಸಿಕೊಳ್ಳಬೇಕೋ ಎಂಬುದನ್ನು ಅವರೇ ತೀರ್ಮಾನಿಸಬಹುದು.