ಮೇಯರ್‌ಗಳ ಸಮ್ಮೇಳನ, ಮೇಯರ್ ಇಲ್ಲದ ನಗರಗಳು

ವಾರಾಣಸಿಯಲ್ಲಿ 2021ರ ಡಿಸೆಂಬರ್ 17ರಂದು ಅಖಿಲ ಭಾರತ ಮೇಯರ್‌ಗಳ ಸಮ್ಮೇಳನ ನಡೆಯಿತು. ಪ್ರಧಾನಿ ನರೇಂದ್ರ ಮೋದಿ ವಿಡಿಯೋ ಕಾನ್ಫರೆನ್ಸ್ ಮೂಲಕ ಉದ್ಘಾಟಿಸಿದರು. ನಗರ ಸ್ವಚ್ಛತೆ, ನದಿಗಳ ರಕ್ಷಣೆ, ಬೀದಿ ವ್ಯಾಪಾರಿಗಳಿಗೆ ಸಾಲ ಮುಂತಾದ ವಿಷಯಗಳು ಪ್ರಸ್ತಾಪವಾದವು. ಆದರೆ ಈ ಸಮ್ಮೇಳನಕ್ಕೆ ಕಳುಹಿಸಲು ಬೆಂಗಳೂರಿಗೆ ಮೇಯರೇ ಇರಲಿಲ್ಲ. ಬಿಬಿಎಂಪಿ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಚೆನ್ನೈ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಅಲ್ಲಿ 2016ರಲ್ಲಿ ಅವಧಿ ಮುಗಿದ ಪಾಲಿಕೆಗೆ ಚುನಾವಣೆ ನಡೆದದ್ದು 2022ರ ಫೆಬ್ರುವರಿಯಲ್ಲಿ.

ಇಂಥ ಸಮ್ಮೇಳನಗಳು ವ್ಯರ್ಥವೆಂದು ತಳ್ಳಿಹಾಕುವಂತಿಲ್ಲ. ಕಸ, ನೀರು, ಒಳಚರಂಡಿಗಳ ಸಮಸ್ಯೆ ಎಲ್ಲ ನಗರಗಳಿಗೂ ಸಮಾನ. ಒಂದು ನಗರ ಕಂಡುಕೊಂಡ ದಾರಿ ಮತ್ತೊಂದಕ್ಕೆ ಮಾದರಿಯಾಗಬಲ್ಲದು. ಆದರೆ ಕಲಿತು ಬಂದವರಿಗೆ ಅದನ್ನು ಜಾರಿಗೊಳಿಸುವ ಅಧಿಕಾರವೂ ಕಾಲಾವಕಾಶವೂ ಇರಬೇಕಲ್ಲವೇ?

ಬೆಂಗಳೂರು 2015ರಿಂದ 2020ರವರೆಗಿನ ಐದು ವರ್ಷಗಳಲ್ಲಿ ಐವರು ಮೇಯರ್‌ಗಳನ್ನು ಕಂಡಿತು. ಪ್ರತಿಯೊಬ್ಬರಿಗೂ ದೊರೆತದ್ದು ಒಂದು ವರ್ಷ. ಆಡಳಿತದ ಕಡತಗಳು ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡುವ ಸಮಯ ಬರುತ್ತಿತ್ತು. ನೀರು ಸರಬರಾಜು ಜಲಮಂಡಳಿಯ ಕೈಯಲ್ಲಿ, ನಗರ ಯೋಜನೆ ಬಿಡಿಎ ಕೈಯಲ್ಲಿ, ಬಸ್ಸುಗಳು ಬಿಎಂಟಿಸಿ ಕೈಯಲ್ಲಿದ್ದವು. ಇವೆಲ್ಲವೂ ರಾಜ್ಯ ಸರ್ಕಾರದ ಅಧೀನ ಸಂಸ್ಥೆಗಳು. ಪಾಲಿಕೆಯ ಆಯುಕ್ತರನ್ನು ನೇಮಿಸುತ್ತಿದ್ದುದೂ ರಾಜ್ಯ ಸರ್ಕಾರವೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕಾರ್ಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ವಹಿಸುವ ನಿರ್ಧಾರವನ್ನು ಮಾತ್ರ ರಾಜ್ಯಗಳಿಗೇ ಬಿಟ್ಟಿದೆ.

ಚುನಾಯಿತರಿಲ್ಲದಿದ್ದರೂ ನಗರ ನಡೆಯುತ್ತದೆ ಎಂಬ ವಾದವಿದೆ. ಅದಕ್ಕೆ ಇಂದೋರ್ ಉದಾಹರಣೆ. 2021ರಲ್ಲಿ ಅದು ಸ್ವಚ್ಛ ಸರ್ವೇಕ್ಷಣೆಯಲ್ಲಿ ಸತತ ಐದನೇ ಬಾರಿ ಮೊದಲ ಸ್ಥಾನ ಪಡೆದಾಗ ಅಲ್ಲಿಯೂ ಚುನಾಯಿತ ಮಂಡಳಿ ಇರಲಿಲ್ಲ. ಆದರೆ 2017ರಲ್ಲಿ ಮೊದಲ ಬಾರಿ ಅಗ್ರಸ್ಥಾನಕ್ಕೇರಿದಾಗ ಜನರಿಂದ ನೇರವಾಗಿ ಐದು ವರ್ಷಕ್ಕೆ ಆಯ್ಕೆಯಾದ ಮೇಯರ್ ಅಧಿಕಾರದಲ್ಲಿದ್ದರು ಎಂಬುದನ್ನು ಮರೆಯಬಾರದು. ಹಾಕಿಕೊಟ್ಟ ವ್ಯವಸ್ಥೆಯನ್ನು ಅಧಿಕಾರಿಗಳು ಮುಂದುವರಿಸಬಲ್ಲರು. ಆದರೆ ತೆರಿಗೆ ಎಷ್ಟು, ಯಾವ ಬಡಾವಣೆಗೆ ಮೊದಲು ಹಣ ಎಂಬ ಪ್ರಶ್ನೆಗಳಿಗೆ ಜನರ ಮುಂದೆ ನಿಂತು ಉತ್ತರಿಸಬೇಕಾದವರು ಜನಪ್ರತಿನಿಧಿಗಳೇ.

ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂಬುದು ಸಂವಿಧಾನದ ವಿಧಿ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆದರೂ ವಾರ್ಡ್ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಬೆಂಗಳೂರಿನ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಇಲ್ಲವಾಗಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ, ನಗರ ಮೇಯರ್ ಇಲ್ಲದೆ ಐದು ವರ್ಷ ಕಳೆದಿತ್ತು. ಅಷ್ಟರಲ್ಲಿ ಮೈಸೂರು ಮತ್ತು ಮಂಗಳೂರು ಪಾಲಿಕೆಗಳ ಆಡಳಿತವೂ ಆಡಳಿತಾಧಿಕಾರಿಗಳ ಕೈ ಸೇರಿತ್ತು. ಪಕ್ಷ ಯಾವುದಾದರೂ, ಶಾಸಕರಿಗೂ ಸಚಿವರಿಗೂ ಬಲಿಷ್ಠ ಮೇಯರ್ ಬೇಕಾಗಿಲ್ಲ ಎಂಬುದೇ ಇದರ ಹಿಂದಿನ ಸತ್ಯ.

ರಾಷ್ಟ್ರೀಯ ಸಮ್ಮೇಳನಗಳು ಇನ್ನೂ ನಡೆಯುತ್ತವೆ, ನಿರ್ಣಯಗಳೂ ಅಂಗೀಕಾರವಾಗುತ್ತವೆ. ಸಕಾಲಕ್ಕೆ ಚುನಾವಣೆ, ಐದು ವರ್ಷಗಳ ಮೇಯರ್ ಅವಧಿ, 18 ಕಾರ್ಯಗಳ ಪೂರ್ಣ ಹಸ್ತಾಂತರ, ಈ ಮೂರು ಆ ನಿರ್ಣಯಗಳಲ್ಲಿ ಮೊದಲ ಸ್ಥಾನ ಪಡೆಯಬೇಕು. ಇಲ್ಲವಾದರೆ ಸಮ್ಮೇಳನದಿಂದ ಮರಳುವ ಮೇಯರ್ ತರುವುದು ಹಾರ, ಶಾಲು, ಸ್ಮರಣಿಕೆಗಳನ್ನು ಮಾತ್ರ.