ಮನೆ ಬಂಗಾರಪೇಟೆಯಲ್ಲಿ, ತೋಟ ಗಡಿಯಾಚೆ: ತೆರಿಗೆ ಯಾರಿಗೆ?

ನಮ್ಮ ಸಂಘದ ಸದಸ್ಯರು ಎರಡು ರಾಜ್ಯಗಳಲ್ಲಿ ಹಂಚಿಹೋಗಿದ್ದಾರೆ. ಮಡಿಕೇರಿ, ಸುಳ್ಯದ ಕಡೆಯವರು ಕರ್ನಾಟಕದವರು. ಬದಿಯಡ್ಕ, ಮಂಜೇಶ್ವರದ ಕಡೆಯ ಅಡಿಕೆ ಬೆಳೆಗಾರರು 1956ರ ನವೆಂಬರಿನಿಂದ ಕೇರಳದವರು. ಇವರಲ್ಲಿ ಕೆಲವರ ಮಕ್ಕಳು ಕೆ.ಜಿ.ಎಫ್.ನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿಯೋ ಬಂಗಾರಪೇಟೆಯ ರೈಲ್ವೆಯಲ್ಲಿಯೋ ಕೆಲಸದಲ್ಲಿದ್ದಾಗ ಅಲ್ಲೊಂದು ಮನೆ ಮಾಡಿದರು. ಈಗ ಅವರಿಗೆ ವರ್ಗವಾಗಿದೆ, ಮನೆ ತಂದೆಯ ಹೆಸರಿನಲ್ಲಿ ಬಾಡಿಗೆಗೆ ಹೋಗಿದೆ. ಇಂಥವರು ಕಚೇರಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: “ನಾನು ಕೇರಳದವನು, ಮನೆ ಕರ್ನಾಟಕದಲ್ಲಿದೆ. ಬಾಡಿಗೆಯ ಮೇಲೆ ಕರ್ನಾಟಕಕ್ಕೂ ವರಮಾನ ತೆರಿಗೆ ಕಟ್ಟಬೇಕೆ?”

ಬೇಡ. ನಮ್ಮ ಸಂವಿಧಾನದಲ್ಲಿ ಕೃಷಿಯೇತರ ವರಮಾನದ ಮೇಲಿನ ತೆರಿಗೆ ಕೇಂದ್ರದ ಪಟ್ಟಿಗೆ ಸೇರಿದ್ದು. ಮನೆ ಕಾಸರಗೋಡಿನಲ್ಲಿರಲಿ, ರಾಬರ್ಟ್‌ಸನ್‌ಪೇಟೆಯಲ್ಲಿರಲಿ, ಬಾಡಿಗೆಯನ್ನು ತೋರಿಸಬೇಕಾದದ್ದು ಒಂದೇ ರಿಟರ್ನಿನಲ್ಲಿ. ಬಂಗಾರಪೇಟೆಯಲ್ಲಿ ಜೋಲಾರ್‌ಪೇಟೆಯ ಕಡೆಗೆ ರೈಲು ಹತ್ತಿದವನು ಕುಪ್ಪಂ ದಾಟುವ ಹೊತ್ತಿಗೆ ಆಂಧ್ರದಲ್ಲಿರುತ್ತಾನೆ, ಇಳಿಯುವ ಹೊತ್ತಿಗೆ ತಮಿಳುನಾಡಿನಲ್ಲಿ. ಮೂರು ರಾಜ್ಯಗಳಲ್ಲಿ ಮೂರು ಮನೆಗಳಿದ್ದರೂ ರಿಟರ್ನು ಒಂದೇ.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ವರಮಾನ ತೆರಿಗೆ ಕಾಯಿದೆ ಇತ್ತು. ಕೂಗಳತೆಯ ಕುಪ್ಪಂ ಆಗ ಮದರಾಸು ಪ್ರಾಂತ್ಯದಲ್ಲಿದ್ದು, ಅಲ್ಲಿ ಬ್ರಿಟಿಷ್ ಇಂಡಿಯಾದ 1922ರ ಕಾಯಿದೆ ನಡೆಯುತ್ತಿತ್ತು. ಬೌರಿಂಗ್‌ಪೇಟೆಯ (ಇಂದಿನ ಬಂಗಾರಪೇಟೆ) ವರ್ತಕನ ಮನೆ ಕುಪ್ಪಂನಲ್ಲಿದ್ದರೆ ಅವನು ಎರಡು ಕಾಯಿದೆಗಳಿಗೆ ಮುಖ ಕೊಡಬೇಕಾಗಿತ್ತು. 1950ರ ಏಪ್ರಿಲಿನಿಂದ ಕೇಂದ್ರದ ಕಾಯಿದೆ ಮೈಸೂರಿಗೂ ವಿಸ್ತರಿಸಿ ಆ ತೊಡಕು ಮುಗಿಯಿತು. ಈಚೆಗೆ ಅನುಮಾನ ಮತ್ತೆ ಬಂದಿರುವುದು ಅಮೆರಿಕದಲ್ಲಿರುವ ಮಕ್ಕಳಿಂದ. ಅಲ್ಲಿ ಬಹುತೇಕ ರಾಜ್ಯಗಳಿಗೆ ಸ್ವಂತ ವರಮಾನ ತೆರಿಗೆಯುಂಟು. ನ್ಯೂಜೆರ್ಸಿಯಲ್ಲಿ ವಾಸವಿದ್ದು ಪೆನ್ಸಿಲ್ವೇನಿಯದ ಮನೆಯನ್ನು ಬಾಡಿಗೆಗೆ ಕೊಟ್ಟವನು ಮನೆಯಿರುವ ರಾಜ್ಯಕ್ಕೂ ರಿಟರ್ನು ಕೊಟ್ಟು, ಅಲ್ಲಿ ಕಟ್ಟಿದ್ದಕ್ಕೆ ತನ್ನ ರಾಜ್ಯದಲ್ಲಿ ವಜಾ ಪಡೆಯುತ್ತಾನೆ. ಮಗ ಫೋನಿನಲ್ಲಿ ಹೇಳಿದ್ದು ಅವನ ಮಟ್ಟಿಗೆ ಸರಿ. ಅದು ಬಂಗಾರಪೇಟೆಯ ಮನೆಗೆ ಅನ್ವಯಿಸದು.

ಆದರೆ ಮನೆಯಿರುವ ಊರಿಗೆ ಏನೂ ಕೊಡಬೇಕಾಗಿಲ್ಲವೆಂದು ತಿಳಿಯಬೇಡಿ. ಮನೆ ಕಂದಾಯ ಆ ಊರಿನ ನಗರಸಭೆಗೋ ಪುರಸಭೆಗೋ ಸಲ್ಲಬೇಕು. ಮಾಲೀಕನೇ ಆ ವರ್ಷ ಕಟ್ಟಿದ ಕಂದಾಯ ಬಾಡಿಗೆಯಿಂದ ವಜಾ ಆಗುತ್ತದೆ. ತಿಂಗಳಿಗೆ 12,000 ರೂಪಾಯಿಯಂತೆ ವರ್ಷಕ್ಕೆ 1,44,000 ಬಾಡಿಗೆ ಬಂತೆನ್ನಿ. ಕಂದಾಯ 4,000 ಕಳೆದರೆ 1,40,000. ರಿಪೇರಿ ಮಾಡಿಸಿರಲಿ ಬಿಡಲಿ, ಇದರಲ್ಲಿ ಶೇಕಡಾ 30, ಅಂದರೆ 42,000 ವಜಾ. ಉಳಿದ 98,000 ಮಾತ್ರ ಲೆಕ್ಕಕ್ಕೆ. ಮನೆಸಾಲವಿದ್ದರೆ ಅದರ ಬಡ್ಡಿಯೂ ಇದರಿಂದ ಕಳೆಯುತ್ತದೆ. ಕಂದಾಯವನ್ನು ಬಾಡಿಗೆದಾರನೇ ತನ್ನ ಕೈಯಿಂದ ಹೊತ್ತರೆ ನಿಮಗೆ ಆ ವಜಾ ಸಿಕ್ಕದು. ರಸೀತಿ ಎಲ್ಲಿ ಎಂದು ಕೇಳಿದರೆ ನಮ್ಮವರಲ್ಲಿ ಅರ್ಧ ಜನ ಬಾಡಿಗೆದಾರನ ಕಡೆ ಬೆರಳು ತೋರಿಸುತ್ತಾರೆ.

ಇನ್ನು ಮುಖ್ಯ ವಿಷಯ. ಮನೆಗೆ ರಾಜ್ಯದ ಗಡಿ ಇಲ್ಲದಿದ್ದರೂ ತೋಟಕ್ಕೆ ಉಂಟು. ಕೃಷಿ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು; ಕರ್ನಾಟಕದ ಕಾಯಿದೆ 1957ರದು, ಕೇರಳದ್ದು 1991ರದು. ತೋಟ ಎಲ್ಲಿದೆಯೋ ಅಲ್ಲಿಯ ಕಾಯಿದೆಯನ್ನೇ ನೋಡಬೇಕು. ಕೃಷಿಗೆಂದೇ ಗೇಣಿಗೆ ಕೊಟ್ಟ ಜಮೀನಿನ ಹಣವೂ ಕೃಷಿ ವರಮಾನವೇ. ಅದೇ ಜಮೀನನ್ನು ಇಟ್ಟಿಗೆ ಗೂಡಿಗೋ ಮೊಬೈಲ್ ಗೋಪುರಕ್ಕೋ ಕೊಟ್ಟರೆ ಆ ಬಾಡಿಗೆ ಕೃಷಿಯದಲ್ಲ.

ಕೇಂದ್ರ ನಮ್ಮ ತೋಟದ ವರಮಾನವನ್ನು ಮುಟ್ಟುವುದಿಲ್ಲ ಎಂಬ ಮಾತು ಅರ್ಧ ನಿಜ. ಕೆ.ಎನ್. ರಾಜ್ ಸಮಿತಿಯ 1972ರ ವರದಿಯ ನಂತರ, 1973ರ ಹಣಕಾಸು ಕಾಯಿದೆಯಿಂದ ಒಂದು ಲೆಕ್ಕ ಜಾರಿಗೆ ಬಂತು. ಬಾಡಿಗೆ, ಬಡ್ಡಿ, ಪಿಂಚಣಿ ಎಲ್ಲ ಸೇರಿ ತೆರಿಗೆಯಿಲ್ಲದ ಮಿತಿಯನ್ನು ದಾಟಿದರೆ, ದರ ಗೊತ್ತುಮಾಡುವುದಕ್ಕಾಗಿ ತೋಟದ ವರಮಾನವನ್ನು ಅದರ ಕೆಳಗೆ ಇಟ್ಟು ನೋಡುತ್ತಾರೆ. ತೋಟಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಬಾಡಿಗೆ ಮೇಲಿನ ಹಂತದ ದರಕ್ಕೆ ಏರಿ ಕೂರುತ್ತದೆ. ಕಾಫಿ ಬೆಳೆದು ತಾವೇ ಕ್ಯೂರಿಂಗ್ ಮಾಡಿ ಮಾರುವವರಿಗಂತೂ ಆ ವರಮಾನದ ಶೇಕಡಾ 25 ವ್ಯಾಪಾರದ್ದೆಂದೇ ಲೆಕ್ಕ. ಅದೂ ಬಾಡಿಗೆಯ ಜೊತೆ ಸೇರಿ ಮಿತಿಯನ್ನು ಬೇಗ ದಾಟಿಸುತ್ತದೆ. ರಿಬೇಟು, ಹಂತಗಳು ವರ್ಷ ವರ್ಷ ಬದಲಾಗುವುದರಿಂದ ಆ ಲೆಕ್ಕವನ್ನು ಆಡಿಟರ ಹತ್ತಿರವೇ ಮಾಡಿಸಿ. ಮೇಲಿನ 98,000 ಬಿಟ್ಟು ಬೇರೆ ವರಮಾನವಿಲ್ಲದ ಸಣ್ಣ ಬೆಳೆಗಾರ ಮಾತ್ರ ಇದಕ್ಕೆ ಹೆದರಬೇಕಾಗಿಲ್ಲ; ಅವನು ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ನನ್ನ ತಕರಾರು ಇರುವುದು ಈ ಲೆಕ್ಕದ ಇನ್ನೊಂದು ಮಿತಿಯ ಬಗ್ಗೆ. ತೋಟದ ನಿವ್ವಳ ವರಮಾನ 5,000 ರೂಪಾಯಿ ಮೀರಿದರೆ ಸಾಕು, ಅದನ್ನು ಸೇರಿಸಿ ನೋಡಬಹುದು. ಈಚಿನ ವರ್ಷಗಳ ಧಾರಣೆಯಲ್ಲಿ ಆ ಹಣಕ್ಕೆ ಹದಿನೈದು ಕಿಲೋ ಚಾಲಿ ಅಡಿಕೆಯೂ ಬಾರದು. ಬೇರೆ ಮಿತಿಗಳನ್ನೆಲ್ಲ ಬಜೆಟ್ಟಿನಲ್ಲಿ ಏರಿಸುತ್ತ ಬಂದವರಿಗೆ ಇದೊಂದು ಕಣ್ಣಿಗೆ ಬೀಳದೆ ಹೋಗಿದೆ. ಕೊಳೆರೋಗದ ವರ್ಷ ಕೈಗೆ ಏನೂ ಹತ್ತದೆ, ಮರುವರ್ಷ ಒಟ್ಟಿಗೆ ಬರುವ ತೋಟದ ಹಣಕ್ಕೆ ಇಂಥ ಮಿತಿ ಯಾವ ನ್ಯಾಯ? ಕನಿಷ್ಠ ಒಂದು ಲಕ್ಷಕ್ಕಾದರೂ ಏರಿಸಬೇಕೆಂದು ಮುಂದಿನ ಮಹಾಸಭೆಯಲ್ಲಿ ನಿರ್ಣಯ ತಂದು ಕೇಂದ್ರ ಹಣಕಾಸು ಸಚಿವರಿಗೆ ಕಳಿಸೋಣವೆಂದು ಸೂಚಿಸುತ್ತೇನೆ.

ಕೊನೆಗೊಂದು ಮಾತು, ಮನೆಯನ್ನು ಹೊರದೇಶದಲ್ಲಿರುವ ಮಗನ ಹೆಸರಿಗೆ ಬರೆದುಕೊಟ್ಟಿರುವವರಿಗೆ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರನು ಬಾಡಿಗೆ ಕೊಡುವಾಗಲೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಬೆಂಗಳೂರಿನ ಕೆಲಸಕ್ಕೆ ಬೆಳಗಿನ ರೈಲು ಹಿಡಿಯುವ ಕೆ.ಜಿ.ಎಫ್.ನ ಬಾಡಿಗೆದಾರನಿಗೆ ಇದು ಗೊತ್ತಿರುವುದು ಅಪರೂಪ. ಮುಂದಿನ ಕರಾರು ಬರೆಯುವ ಮೊದಲೇ ಅವನಿಗೆ ತಿಳಿಸಿ.