ಹೊಸಬರ ಕೈಗೆ ಮೊದಲೇ ‘ಉಜುಮಾಕಿ’ ಕೊಡಬೇಡಿ

ಹಾರರ್ ಮಂಗಾ ಓದೋ ಆಸೆ ಇದೆ, ಯಾವುದರಿಂದ ಶುರು ಮಾಡೋದು ಅಂತ ಯಾರಾದ್ರೂ ಕೇಳಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಯಾವಾಗ್ಲೂ ಒಂದೇ: ಜುಂಜಿ ಇಟೋ ಅವರ ‘ಉಜುಮಾಕಿ’. ಕೇಳಿದವರು ಈ ಮೊದಲು ಒಂದು ಮಂಗಾ ಆದ್ರೂ ಓದಿದ್ದಾರಾ, ಎಂಥ ಕಥೆ ಇಷ್ಟ, ಏನು ನೋಡಿದ್ರೆ ಹೊಟ್ಟೆ ತೊಳೆಸುತ್ತೆ ಅಂತ ಯಾರೂ ವಿಚಾರಿಸಲ್ಲ. ಪುಸ್ತಕ ಕೈಗಿಟ್ಟು, ಎರಡು ದಿನ ಬಿಟ್ಟು, ‘ಎಲ್ಲೀವರೆಗೆ ತಡ್ಕೊಂಡೆ?’ ಅಂತ ಕೇಳ್ತಾರೆ. ಅಲ್ಲಿಗೆ ಓದು ಹೋಗಿ ಹಸಿಮೆಣಸಿನಕಾಯಿ ತಿನ್ನೋ ಪಂದ್ಯ ಶುರುವಾಗುತ್ತೆ.

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ. ‘ಉಜುಮಾಕಿ’ ಅದ್ಭುತ ಪುಸ್ತಕ, ಆದ್ರೆ ಮೊದಲ ಪುಸ್ತಕ ಅಲ್ಲ. ಅದನ್ನೇ ಮೊದಲು ಕೊಡೋದರಿಂದ ಒಳ್ಳೆಯ ಓದುಗರು ಹಾರರ್ ಮಂಗಾದ ಬಾಗಿಲಲ್ಲೇ ವಾಪಸ್ ಹೋಗ್ತಿದ್ದಾರೆ. ‘ಇದು ನಮ್ಮಂಥವರಿಗಲ್ಲ’ ಅಂತ ಒಂದ್ಸಲ ಅನ್ನಿಸಿಬಿಟ್ರೆ ಆಮೇಲೆ ಯಾರೂ ಇನ್ನೊಂದು ಪುಸ್ತಕ ಮುಟ್ಟೋದಿಲ್ಲ.

ಮೊದಲು ‘ಉಜುಮಾಕಿ’ ಏನು ಅಂತ ನೋಡೋಣ. 1998–99ರಲ್ಲಿ ಜಪಾನಿನ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಪತ್ರಿಕೆಯಲ್ಲಿ ಬಂದ ಧಾರಾವಾಹಿ. ಕುರೋಜು ಅನ್ನೋ ಸಮುದ್ರದಂಡೆಯ ಸಣ್ಣ ಊರು. ಅಲ್ಲಿ ಕಿರಿಯೆ ಅನ್ನೋ ಹುಡುಗಿ, ಅವಳ ಗೆಳೆಯ ಶುಯಿಚಿ. ಊರಿಗೆ ಹಿಡಿದಿರೋದು ದೆವ್ವ ಅಲ್ಲ, ಒಂದು ಆಕಾರ. ಸುರುಳಿ. ಶುಯಿಚಿಯ ಅಪ್ಪ ಬಸವನಹುಳುವಿನ ಚಿಪ್ಪನ್ನು ಗಂಟೆಗಟ್ಟಲೆ ದಿಟ್ಟಿಸ್ತಾ ಕೂರೋದರಿಂದ ಶುರುವಾಗಿ, ಕೂದಲು, ಹೊಗೆ, ಗಾಳಿ, ಮನುಷ್ಯರ ಮೈ ಎಲ್ಲವೂ ಸುತ್ತಿಕೊಳ್ತಾ ಹೋಗುತ್ತೆ.

ಇದರಲ್ಲಿ ವಿಲನ್ ಇಲ್ಲ. ಮಂತ್ರವಾದಿ ಬಂದು ಬಿಡಿಸೋದಿಲ್ಲ. ಯಾಕೆ ಹೀಗಾಯ್ತು ಅನ್ನೋದಕ್ಕೆ ನಮ್ಮ ಸಿನಿಮಾಗಳ ಥರ ಫ್ಲ್ಯಾಶ್‌ಬ್ಯಾಕ್ ಇಲ್ಲ. ಹಾರರ್ ಅಂದ್ರೆ ಸತ್ತವರ ಸೇಡು ಅಂತಲೇ ನೋಡಿ ಬೆಳೆದವರಿಗೆ ಇದು ಒಮ್ಮೆಗೇ ಜೀರ್ಣ ಆಗಲ್ಲ. ಅರ್ಧ ಪುಸ್ತಕ ಆದ್ಮೇಲೂ ‘ಸರಿ, ಆದ್ರೆ ಸುರುಳಿ ಯಾಕೆ?’ ಅಂತ ಕೇಳ್ತಾನೇ ಇರ್ತಾರೆ. ಇಟೋ ಅವರ ಕಥೆಗಳಲ್ಲಿ ಒಂದು ವಿಚಿತ್ರ ಹಾಸ್ಯವೂ ಇದೆ. ಹುಡುಗ ನಿಧಾನವಾಗಿ ಬಸವನಹುಳು ಆಗ್ತಿದ್ರೂ ಶಾಲೆ ಎಂದಿನಂತೆ ನಡೀತಿರುತ್ತೆ. ಅಲ್ಲಿ ನಗಬೇಕೋ ಹೆದರಬೇಕೋ ಗೊತ್ತಾಗದೆ ಒದ್ದಾಡೋದೇ ಮಜಾ. ಆ ರುಚಿ ಹತ್ತೋಕೆ ಸ್ವಲ್ಪ ಅಭ್ಯಾಸ ಬೇಕು. ಅಭ್ಯಾಸ ಇಲ್ಲದವರಿಗೆ ಉಳಿಯೋದು ಅಸಹ್ಯ ಮಾತ್ರ.

ಇಲ್ಲೇ ಇನ್ನೊಂದು ತಪ್ಪು ಕಲ್ಪನೆ ಬೆಳೆಯುತ್ತೆ: ಹಾರರ್ ಮಂಗಾ ಅಂದ್ರೆ ರಕ್ತ, ಕರುಳು, ವಿಕಾರ ಮುಖ. ಇನ್‌ಸ್ಟಾಗ್ರಾಂನಲ್ಲಿ ಓಡಾಡೋ ಚಿತ್ರಗಳೂ ಅವೇ. ಆದ್ರೆ ಭಯ ಹುಟ್ಟೋದು ಅಲ್ಲಿ ಅಲ್ಲ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದ ಕಥೆ ನಮ್ಮಲ್ಲಿ ಎಲ್ಲರ ಅಪ್ಪ ಅಮ್ಮನೂ ಹೇಳಿರ್ತಾರೆ. ಅದರಲ್ಲಿ ಒಂದು ಹನಿ ರಕ್ತ ಇಲ್ಲ. ಗೊತ್ತಿರೋರ ಧ್ವನಿಯಲ್ಲಿ ಯಾರೋ ಕರೀತಾರೆ, ಬಾಗಿಲು ತೆಗೆಯೋದು ನಮ್ಮ ಕೈ. ಅಷ್ಟೇ. ಒಳ್ಳೆಯ ಹಾರರ್ ಮಂಗಾ ಕೆಲಸ ಮಾಡೋದೂ ಹೀಗೇ, ಯಾಕಂದ್ರೆ ಅಲ್ಲೂ ಬಾಗಿಲು ತೆಗೆಯೋದು ಓದುಗರ ಕೈ.

ಇದು ಬರೀ ಹೋಲಿಕೆ ಅಲ್ಲ, ಪುಟದ ರಚನೆಯೇ ಹಾಗಿದೆ. ಮಂಗಾ ಬಲದಿಂದ ಎಡಕ್ಕೆ ಓದಬೇಕು. ಎದುರುಬದುರು ಎರಡು ಪುಟಗಳಲ್ಲಿ ನಮ್ಮ ಕಣ್ಣು ಕೊನೆಗೆ ಬಂದು ನಿಲ್ಲೋದು ಎಡ ಪುಟದ ಕೆಳಗಿನ ಎಡ ಮೂಲೆಯಲ್ಲಿ. ಆ ಕೊನೆಯ ಪ್ಯಾನೆಲ್‌ನಲ್ಲಿ ಪಾತ್ರ ಏನನ್ನೋ ನೋಡಿ ಬೆಚ್ಚಿಬೀಳುತ್ತೆ. ಏನನ್ನ ನೋಡಿದ್ದು ಅಂತ ತಿಳೀಬೇಕಾದ್ರೆ ಪುಟ ತಿರುಗಿಸಬೇಕು. ತಿರುಗಿಸಿದ್ರೆ ಇಡೀ ಪುಟ ತುಂಬೋ ಚಿತ್ರ. ಪುಟ ತಿರುಗಿಸೋ ಈ ಕ್ಷಣಕ್ಕೆ ಜಪಾನಿನ ಮಂಗಾ ಕಲಾವಿದರು ‘ಮೆಕುರಿ’ ಅಂತಾರೆ. ಇಟೋ ಅವರು ಇದರಲ್ಲಿ ಪಳಗಿದ ಕೈ. ಸಿನಿಮಾ ಅದರ ಪಾಡಿಗೆ ಓಡ್ತಿರುತ್ತೆ, ಕಣ್ಣು ಮುಚ್ಚಿಕೊಂಡ್ರೂ ದೃಶ್ಯ ಮುಗಿದುಹೋಗುತ್ತೆ. ಮಂಗಾದಲ್ಲಿ ನಾವು ತಿರುಗಿಸೋವರೆಗೂ ಅದು ಕಾಯ್ತಾ ಕೂತಿರುತ್ತೆ.

ಆದ್ದರಿಂದ ಮೊಬೈಲ್‌ನಲ್ಲಿ ಓದೋರಿಗೆ ಒಂದು ಮಾತು. ಮೇಲಿಂದ ಕೆಳಗೆ ಸ್ಕ್ರೋಲ್ ಮಾಡ್ಕೊಂಡು ಓದಬೇಡಿ. ಹಾಗೆ ಓದಿದ್ರೆ ಮುಂದಿನ ಚಿತ್ರದ ತಲೆ ಮೊದಲೇ ಕೆಳಗಿಂದ ಇಣುಕುತ್ತೆ, ಕಟ್ಟಿದ್ದ ಭಯ ಅಲ್ಲಿಗೇ ಠುಸ್. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದೇ ಪುಟ, ಬಲದಿಂದ ಎಡಕ್ಕೆ ಅಂತ ಬದಲಾಯಿಸಿ. ಲೈಬ್ರರಿಯಲ್ಲೋ ಸ್ನೇಹಿತರ ಹತ್ತಿರವೋ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೇದು.

ಹಾಗಾದ್ರೆ ಶುರು ಮಾಡೋದು ಯಾವುದರಿಂದ? ನಮ್ಮ ಕ್ರಮ ಇದು.

ಮೊದಲು ಇಟೋ ಅವರದ್ದೇ ಒಂದು ಸಣ್ಣ ಕಥೆ, ಇಂಗ್ಲಿಷಿನಲ್ಲಿ ‘ದಿ ಎನಿಗ್ಮಾ ಆಫ್ ಅಮಿಗಾರಾ ಫಾಲ್ಟ್’. ಭೂಕಂಪ ಆದ್ಮೇಲೆ ಬೆಟ್ಟದ ಬಿರುಕಿನಲ್ಲಿ ಮನುಷ್ಯಾಕಾರದ ತೂತುಗಳು ಕಾಣಿಸಿಕೊಳ್ತವೆ. ಟೀವಿಯಲ್ಲಿ ನೋಡಿದ ಜನ ಅಲ್ಲಿಗೆ ಬಂದು ತಮ್ಮ ತಮ್ಮ ಅಳತೆಯ ತೂತು ಹುಡುಕ್ತಾರೆ. ಇದರಲ್ಲೂ ಯಾಕೆ ಅನ್ನೋದಕ್ಕೆ ಪೂರ್ತಿ ಉತ್ತರ ಇಲ್ಲ, ಆದ್ರೆ ಒಂದೇ ಕೂತಲ್ಲಿ ಮುಗಿಯುತ್ತೆ, ರಕ್ತಪಾತ ಇಲ್ಲ. ಇಷ್ಟ ಆಯ್ತಾ, ನೀವು ಇಟೋ ಓದಬಹುದು. ಆಗ್ಲಿಲ್ವಾ, ಕಳ್ಕೊಂಡಿದ್ದು ಅರ್ಧ ಗಂಟೆ. ‘ಗ್ಯೋ’ ಪುಸ್ತಕದ ಕೊನೆಯಲ್ಲೂ ‘ವೀನಸ್ ಇನ್ ದಿ ಬ್ಲೈಂಡ್ ಸ್ಪಾಟ್’ ಸಂಕಲನದಲ್ಲೂ ಈ ಕಥೆ ಇದೆ.

ಎರಡನೇದು ಹಿತೋಶಿ ಇವಾಕಿ ಅವರ ‘ಪ್ಯಾರಾಸೈಟ್’. ಇದೇ ಹೆಸರಿನಂತೆ ಕೇಳಿಸೋ ಕೊರಿಯನ್ ಸಿನಿಮಾಗೂ ಇದಕ್ಕೂ ಸಂಬಂಧ ಇಲ್ಲ. 1988ರಲ್ಲಿ ಶುರುವಾದ ಸರಣಿ, ಜಪಾನಿನಲ್ಲಿ 10 ಸಂಪುಟ. ಮನುಷ್ಯರ ಮಿದುಳು ತಿಂದು ಮೈ ಆಕ್ರಮಿಸೋ ಜೀವಿಗಳು. ಶಿನಿಚಿ ಅನ್ನೋ ಹೈಸ್ಕೂಲ್ ಹುಡುಗ ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದರಿಂದ ಕಿವಿಯ ದಾರಿ ಬಂದ್, ಜೀವಿ ಬಲಗೈಯಲ್ಲೇ ಸಿಕ್ಕಿಬೀಳುತ್ತೆ. ಅದರ ಹೆಸರು ಮಿಗಿ, ಅಂದ್ರೆ ಬಲ. ಈ ಮಿಗಿ ರಾತ್ರಿ ಕೂತು ಪುಸ್ತಕ ಓದುತ್ತೆ, ತರ್ಕ ಮಾಡುತ್ತೆ. ನೀವು ಬೇರೆ ಪ್ರಾಣಿಗಳನ್ನ ತಿಂದ್ರೆ ಸರಿ, ನಾವು ನಿಮ್ಮನ್ನ ತಿಂದ್ರೆ ತಪ್ಪಾ ಅನ್ನೋ ಪ್ರಶ್ನೆ ಇಡೀ ಕಥೆಯ ಬೆನ್ನೆಲುಬು. ಇಲ್ಲಿ ಹಿಂಸೆ ಇದೆ, ಆದ್ರೆ ಪ್ರತಿಯೊಂದಕ್ಕೂ ಕಾರಣ ಇದೆ. ‘ಯಾಕೆ’ ಅಂತ ಕೇಳದೆ ಇರೋಕಾಗದ ಎಂಜಿನಿಯರಿಂಗ್ ತಲೆಗಳಿಗೆ ಇದೇ ಸರಿಯಾದ ಹೊಸ್ತಿಲು.

ಹೆದರಿಕೆ ಜಾಸ್ತಿ ಅನ್ನೋರಿಗೆ ತೊಮೊಕಿ ಇಜುಮಿ ಅವರ ‘ಮಿಯೆರುಕೊ-ಚಾನ್’. ಮೀಕೊ ಅನ್ನೋ ಹುಡುಗಿಗೆ ಇದ್ದಕ್ಕಿದ್ದಂತೆ ದೆವ್ವಗಳು ಕಾಣಿಸೋಕೆ ಶುರುವಾಗ್ತವೆ. ಅವಳು ಕಿರುಚಲ್ಲ, ಓಡಲ್ಲ. ಕಾಣಿಸ್ತಾನೇ ಇಲ್ಲ ಅನ್ನೋ ಹಾಗೆ ಮೊಬೈಲ್ ನೋಡ್ಕೊಂಡು ನಿಂತಿರ್ತಾಳೆ. ಬಸ್ಸಿನಲ್ಲಿ ಯಾರೋ ಗುರಾಯಿಸ್ತಿದ್ರೆ ಗೊತ್ತಿಲ್ಲದ ಹಾಗೆ ಕೂರೋ ಹುಡುಗಿಯರಿಗೆ ಈ ನಟನೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಗುವೂ ಇದೆ, ನಡುಕವೂ ಇದೆ. ಮೊದಲ ಅಧ್ಯಾಯಗಳಲ್ಲಿ ಹುಡುಗಿಯರನ್ನ ಬೇಡದ ಕೋನಗಳಿಂದ ತೋರಿಸೋ ಚಾಳಿ ಇದೆ. ಅದು ನಮಗೆ ಇಷ್ಟ ಇಲ್ಲ.

ಆಮೇಲೆ ಮೊಕುಮೊಕುರೆನ್ ಅವರ ‘ದಿ ಸಮ್ಮರ್ ಹಿಕಾರು ಡೈಡ್’, 2021ರಲ್ಲಿ ಶುರುವಾದದ್ದು. ಬೆಟ್ಟದ ನಡುವಿನ ಹಳ್ಳಿ. ಯೊಶಿಕಿಗೆ ತನ್ನ ಜೀವದ ಗೆಳೆಯ ಹಿಕಾರು ಈಗ ಹಿಕಾರು ಅಲ್ಲ, ಅವನ ರೂಪದಲ್ಲಿರೋ ಬೇರೇನೋ ಅಂತ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತೆ. ಗೊತ್ತಾದ್ರೂ ಬಿಟ್ಟುಕೊಡೋಕೆ ಮನಸ್ಸಿಲ್ಲ. ಹತ್ತಿರದವರನ್ನ ಕಳ್ಕೊಂಡವರಿಗೆ ಇದು ದೆವ್ವದ ಕಥೆ ಅನ್ನಿಸಲ್ಲ.

ಇಷ್ಟಾದ ಮೇಲೆ ಕಜುವೊ ಉಮೆಜು ಅವರ ‘ದಿ ಡ್ರಿಫ್ಟಿಂಗ್ ಕ್ಲಾಸ್‌ರೂಮ್’, 1972–74. ಬೆಳಿಗ್ಗೆ ಅಮ್ಮನ ಜೊತೆ ಜಗಳ ಆಡಿ ಶಾಲೆಗೆ ಹೋದ ಶೋ ಅನ್ನೋ ಹುಡುಗ, ಇಡೀ ಶಾಲೆಯ ಸಮೇತ ಬರಡು ಭೂಮಿಯ ನಡುವೆ ಬಂದು ಬಿದ್ದಿರ್ತಾನೆ. ಊಟ ಇಲ್ಲ, ನೀರಿಲ್ಲ. ಮೊದಲು ಕುಸಿಯೋದು ಮಕ್ಕಳಲ್ಲ, ದೊಡ್ಡವರು. ಹೀಗೂ ಆಗಬಹುದು ಅಂತ ಒಪ್ಪಿಕೊಳ್ಳೋಕೆ ಮೇಷ್ಟ್ರುಗಳಿಗೆ ಆಗಲ್ಲ, ಮಕ್ಕಳಿಗೆ ಆಗುತ್ತೆ. ಚಿತ್ರಗಳು ಹಳೇ ಕಾಲದವು, ಎಲ್ಲರೂ ಬಾಯಿ ಅಗಲಿಸಿ ಕಿರುಚ್ತಾನೇ ಇರ್ತಾರೆ. ಮೊದಲ ನಲವತ್ತು ಪುಟ ತಾಳ್ಮೆ ಇಟ್ಕೊಳ್ಳಿ. ಮಕ್ಕಳ ಸಾವು ನೋಡೋಕಾಗಲ್ಲ ಅನ್ನೋರು ಇದನ್ನ ಬಿಟ್ಟುಬಿಡಿ, ನಾಚಿಕೆ ಏನೂ ಇಲ್ಲ. ಉಮೆಜು 2024ರಲ್ಲಿ ತೀರಿಕೊಂಡರು. ಇಟೋ ಅವರು ಚಿಕ್ಕಂದಿನಲ್ಲಿ ಓದಿ ಬೆಳೆದದ್ದು ಇವರನ್ನೇ, 1987ರಲ್ಲಿ ‘ತೊಮಿಯೆ’ ಕಥೆ ಕಳಿಸಿದ್ದೂ ಉಮೆಜು ಹೆಸರಿನ ಸ್ಪರ್ಧೆಗೇ. ಆಗ ಇಟೋ ದಂತ ತಂತ್ರಜ್ಞರಾಗಿ ಕೆಲಸ ಮಾಡ್ತಿದ್ರು.

ಈಗ ‘ಉಜುಮಾಕಿ’ ತೆಗೆಯಿರಿ. ಪುಟ ತಿರುಗಿಸೋ ಭಯ, ಉತ್ತರ ಇಲ್ಲದ ಭಯ, ಹಾಸ್ಯ ಬೆರೆತ ಭಯ ಇವೆಲ್ಲದರ ಪರಿಚಯ ಆಗಿರುತ್ತೆ. ಆಗ ಆ ಪುಸ್ತಕ ಎಷ್ಟು ದೊಡ್ಡದು ಅಂತ ತಿಳಿಯುತ್ತೆ. ಶೂಜೋ ಒಶಿಮಿ ಅವರ ‘ಬ್ಲಡ್ ಆನ್ ದಿ ಟ್ರ್ಯಾಕ್ಸ್’ ಮಾತ್ರ ಎಲ್ಲಕ್ಕಿಂತ ಕೊನೆಗೆ ಇಟ್ಕೊಳ್ಳಿ. ದೆವ್ವ ಇಲ್ಲ, ರಾಕ್ಷಸ ಇಲ್ಲ, ಮಗನನ್ನ ಅತಿಯಾಗಿ ಪ್ರೀತಿಸೋ ಒಬ್ಬ ಅಮ್ಮ ಅಷ್ಟೇ. ಪರೀಕ್ಷೆ ಹತ್ತಿರ ಇದ್ದಾಗ ಮುಟ್ಟಬೇಡಿ.

ಈ ಕ್ರಮ ಒಪ್ಪದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಅವರ ವಾದದಲ್ಲಿ ಸತ್ಯವೂ ಇದೆ. ‘ಉಜುಮಾಕಿ’ ಒಂದೇ ದಪ್ಪ ಪುಸ್ತಕದಲ್ಲಿ ಪೂರ್ತಿ ಸಿಗುತ್ತೆ, ‘ಪ್ಯಾರಾಸೈಟ್’ ಪೂರ್ತಿ ಕೊಳ್ಳೋಕೆ ಹೋದ್ರೆ ತಿಂಗಳ ಮೆಸ್ ಬಿಲ್ ನೆನಪಾಗುತ್ತೆ. ಅತ್ಯುತ್ತಮವಾದದ್ದನ್ನೇ ಮೊದಲು ಕೊಟ್ಟರೆ ತಪ್ಪೇನು ಅಂತಾರೆ. ತಪ್ಪಿಲ್ಲ, ಓದೋರು ಅದಕ್ಕೆ ತಯಾರಿದ್ದಾರಾ ಅಂತ ವಿಚಾರಿಸಿದ್ರೆ. ದುಡ್ಡಿನ ಮಾತಿಗೆ ಉತ್ತರ ಸುಲಭ: ಅಮಿಗಾರಾ ಕಥೆ ಇರೋ ಒಂದೇ ಪುಸ್ತಕ ನಾಲ್ಕು ಜನ ಸೇರಿ ತಗೊಂಡು ಕೈ ಬದಲಾಯಿಸಿ ಓದಿ. ‘ಪ್ಯಾರಾಸೈಟ್’ ಕೂಡ ಮೊದಲ ಸಂಪುಟ ಓದಿ, ಹಿಡಿಸಿದ್ರೆ ಮಾತ್ರ ಮುಂದೆ ಹೋಗಿ.

‘ಇದೆಲ್ಲ ಹುಡುಗಿಯರ ಕೈಯಲ್ಲಿ ಆಗಲ್ಲ’ ಅನ್ನೋ ಇನ್ನೊಂದು ಮಾತಿಗೆ ಮಾತ್ರ ನಾವು ಒಂದಿಂಚೂ ಜಾಗ ಕೊಡಲ್ಲ. ಇಟೋ ಅವರ ‘ತೊಮಿಯೆ’ ಬಂದದ್ದು ‘ಹ್ಯಾಲೋವೀನ್’ ಅನ್ನೋ ಮಾಸಪತ್ರಿಕೆಯಲ್ಲಿ, ಅದು ಹುಡುಗಿಯರಿಗಾಗಿಯೇ ಹೊರಡ್ತಿದ್ದ ಹಾರರ್ ಪತ್ರಿಕೆ. ಇಟೋ ಅವರಿಗೆ ಉಮೆಜು ಅವರ ಪರಿಚಯ ಆಗಿದ್ದು ಅಕ್ಕಂದಿರು ಓದ್ತಿದ್ದ ಪುಸ್ತಕಗಳಿಂದ. ಅಕ್ಕಂದಿರು ಹಾರರ್ ಓದದೇ ಹೋಗಿದ್ರೆ ತಮ್ಮನ ಕೈಗೆ ಉಮೆಜು ಅಷ್ಟು ಬೇಗ ಸಿಗ್ತಾನೂ ಇರಲಿಲ್ಲ.

ಮಂಗಾ ಓದ್ತೀವಿ ಅಂದ್ರೆ ಮನೆಯಲ್ಲಿ ‘ಮಂಗನ ಥರ ಆಡೋದು ಸಾಲ್ದಾ, ಅದನ್ನ ಬೇರೆ ಓದ್ಬೇಕಾ’ ಅಂತ ಬೈಸಿಕೊಳ್ಳೋ ವಯಸ್ಸು ನಮ್ಮದು. ಭಯದ ಬಗ್ಗೆ ಮಾತಾಡೋಕೆ ನಮಗೆ ಜಾಗಗಳೂ ಕಮ್ಮಿ. ಬ್ಯಾಕ್‌ಲಾಗ್ ಭಯ, ಮನೆ ಬಿಟ್ಟು ಬಂದ ಭಯ, ಗೆಳೆಯ ಬದಲಾಗಿಬಿಟ್ಟ ಅನ್ನೋ ಭಯ ಇವನ್ನ ನಾವು ಯಾರ ಮುಂದೂ ಹೇಳಲ್ಲ. ಅದೇ ‘ಹಿಕಾರು ಡೈಡ್’ ಓದಿ ಮುಗಿಸಿದ ಇಬ್ಬರು ಕಾರಿಡಾರ್‌ನಲ್ಲಿ ನಿಂತು ಯೊಶಿಕಿ ಬಗ್ಗೆ ಮಾತಾಡ್ತಾ ಆಡ್ತಾ ತಮ್ಮ ಮಾತಿಗೆ ಬಂದುಬಿಡ್ತಾರೆ. ಹೊಸಬರಿಗೆ ತಪ್ಪು ಪುಸ್ತಕ ಕೊಟ್ಟು ಓಡಿಸಿದಾಗ ಕಳ್ಕೊಳ್ಳೋದು ಆ ಮಾತುಕತೆಯನ್ನ.

ಹಾಗಾಗಿ ಸೀನಿಯರ್‌ಗಳೇ, ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಪುಸ್ತಕದ ಹೆಸರು ಹೇಳೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಮಂಗಾ ಓದಿದ ಅಭ್ಯಾಸ ಇದೆಯಾ? ಕೊನೆಯಲ್ಲಿ ಉತ್ತರ ಸಿಗದಿದ್ರೆ ಪರವಾಗಿಲ್ವಾ? ನೋಡೋಕೇ ಆಗದೇ ಇರೋದು ಏನಾದ್ರೂ ಇದೆಯಾ? ಜೂನಿಯರ್‌ಗಳೇ, ಅವರು ಕೇಳದಿದ್ರೆ ನೀವೇ ಹೇಳಿ. ಮಧ್ಯದಲ್ಲಿ ಪುಸ್ತಕ ಮುಚ್ಚಿಟ್ಟರೆ ಯಾರೂ ಮಾರ್ಕ್ಸ್ ಕಟ್ ಮಾಡಲ್ಲ. ಆದ್ರೆ ಅಮಿಗಾರಾ ಕಥೆ ಮಾತ್ರ ಇವತ್ತೇ ಓದಿ. ಓದಿ ಮುಗಿಸಿ ದೀಪ ಆರಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗೋಕಾಗುತ್ತಾ ಅಂತ ನಮಗೂ ತಿಳಿಸಿ.